ಚೀಟಿಯಿಲ್ಲದ ಗಂಜಿ

ಜರ್ಮನಿಗೆ ಬಂದ ಮೂರನೆಯ ದಿನವೇ ನಾನು ಅಪರಾಧಿಯಾದೆ. ಮಾಡಿದ್ದೇನೆಂದರೆ, ಪ್ರಯೋಗಾಲಯದ ಮೇಜಿನ ಮೇಲೆ ಒಂದು ಬೀಕರಿನಲ್ಲಿ ನೀರು ಹಿಡಿದಿಟ್ಟು ಕೈ ತೊಳೆಯಲು ಹೋದದ್ದು. ಬರೀ ನಲ್ಲಿ ನೀರು. ವಾಪಸು ಬರುವಷ್ಟರಲ್ಲಿ ಫ್ರೌ ಕೆಲ್ಲರ್ ಆ ನೀರನ್ನು ವಿಷದ ಕಸ ತುಂಬುವ ಹಳದಿ ಡ್ರಮ್ಮಿಗೆ ಸುರಿದು, ಕೈಗವಸು ಕಳಚಿ, ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ನನ್ನ ಹೆಸರು ಬರೆದಾಗಿತ್ತು.

ಫ್ರೌ ಎಂದರೆ ನಮ್ಮ ಕಡೆ 'ಅಮ್ಮಾವ್ರು' ಎಂದ ಹಾಗೆ. ಈ ಅಮ್ಮಾವ್ರು ನಮ್ಮ ವಿಶ್ವವಿದ್ಯಾಲಯದ ಪಾಲಿಮರ್ ರಸಾಯನಶಾಸ್ತ್ರದ ಗುಂಪಿಗೆ ಪ್ರಯೋಗಾಲಯದ ಮೇಲ್ವಿಚಾರಕಿ. ಅವರ ಕಾನೂನು ಒಂದೇ: ಪಾತ್ರೆ ಯಾವುದಾದರೂ ಅದಕ್ಕೊಂದು ಚೀಟಿ ಅಂಟಿಸಿರಬೇಕು. ಒಳಗೇನಿದೆ, ಯಾವತ್ತು ಇಟ್ಟಿದ್ದು, ಇಟ್ಟವರು ಯಾರು, ಮೂರೂ ಅದರಲ್ಲಿರಬೇಕು. ಚೀಟಿ ಇಲ್ಲದ್ದೆಲ್ಲ ವಿಷ. ತಪ್ಪಿದವರು ಗುಂಪಿನ ಹನ್ನೊಂದು ಮಂದಿಗೂ ಕೂಖನ್, ಅಂದರೆ ಕೇಕು, ಮಾಡಿ ತರಬೇಕು.

"ಅದು ನೀರು ಅಂತ ನೋಡಿದರೆ ತಿಳಿಯುವುದಿಲ್ಲವೇ?" ಎಂದು ಕೇಳಿದೆ.

"ಚೀಟಿ ಇರಲಿಲ್ಲ," ಎಂದರು ಫ್ರೌ ಕೆಲ್ಲರ್. ಅಲ್ಲಿಗೆ ಮಾತು ಮುಗಿಯಿತು. ಅಂಗಡಿಯಿಂದ ಕೇಕು ತಂದುಕೊಟ್ಟೆ. ಎಲ್ಲರೂ ಚೂರು ಚೂರು ತಿಂದು, 'ಕೊಂಡದ್ದಲ್ಲವೇ' ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರೇಟು ಹೊತ್ತ ಮಂದಿಯ ಬುದ್ಧಿ ಇದು!

ನನ್ನ ಕೋಣೆ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿದೆ. ಇಲ್ಲಿ ಕೇರ್‌ವೋಖೆ ಎಂಬ ಪದ್ಧತಿಯುಂಟು; ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಬೇಕು, ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುಬಿದ್ದಿರುತ್ತದೆ. ನನ್ನ ಸರದಿ ಬಂದಾಗ ನಮ್ಮೂರು ಸೊಕ್ಕೆಯಲ್ಲಿ ಅಂಗಳ ತೊಳೆದ ಹಾಗೆ ಬಕೆಟ್ಟಿನಲ್ಲಿ ನೀರು ಎರಚಿ ಗುಡಿಸಿದೆ. ಕೆಳಗಿನ ಮನೆಯ ಮುದುಕ ಬಾಗಿಲು ತೆಗೆದು, ನೀರನ್ನು ನೋಡಿ, ನನ್ನನ್ನು ನೋಡಿ, ಬಾಗಿಲು ಹಾಕಿಕೊಂಡ. ಮಾರನೆಯ ದಿನ ಬಾಗಿಲ ಸಂದಿಯಲ್ಲಿ ಎರಡು ಪುಟದ ಪತ್ರ ಬಂತು. ಊರಲ್ಲಾಗಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು, ಸಂಜೆಗೆ ಅವರೇ ಮಜ್ಜಿಗೆ ಕೇಳಲು ಬರುತ್ತಿದ್ದರು.

ಜಗಳೂರಿನ ಬಸ್ಸು ಹತ್ತಿದರೆ ಪಕ್ಕದಲ್ಲಿ ಕುಳಿತವರಿಗೆ ಹತ್ತು ನಿಮಿಷದಲ್ಲಿ ನನ್ನ ಊರು, ಕುಲ, ಮದುವೆ ಯಾಕಾಗಿಲ್ಲ ಎಂಬುದು, ಎಲ್ಲ ಬೇಕು. ಆಗೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಇಲ್ಲಿ ಮಧ್ಯಾಹ್ನವಾದರೆ ಎಲ್ಲರೂ "ಮಾಲ್‌ತ್ಸೈಟ್" ಎನ್ನುತ್ತಾರೆ, ಊಟದ ಹೊತ್ತಾಯಿತು ಎಂದು ಅರ್ಥ. ಹಾಗೆಂದು ತಣ್ಣನೆಯ ಬ್ರೆಡ್ಡಿಗೆ ಮುಖ ಹಾಕಿ ಕೂರುತ್ತಾರೆ. ನಾಲ್ಕು ತಿಂಗಳು ಅವರ ಜೊತೆ ಉಂಡೆ. ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ಕೇಳದಿರುವುದೇ ಮರ್ಯಾದೆಯಂತೆ. ಬೆಂಕಿ ಹಾಕಲಿ ಆ ಮರ್ಯಾದೆಗೆ.

ಕೇಳಿದವನು ಒಬ್ಬನಿದ್ದ, ಪ್ರಸನ್ನ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದವನು, ನನಗಿಂತ ಎರಡು ವರ್ಷ ಮೊದಲು ಈ ಗುಂಪಿಗೆ ಸೇರಿದವನು. ಕನ್ನಡ ಕಿವಿಗೆ ಬಿದ್ದದ್ದೇ ನನಗೆ ಅಳು ಬರುವಷ್ಟು ಖುಷಿಯಾಗಿತ್ತು.

"ಯಾವ ಕಡೇರಿ ನೀವು?" ಎಂದ.

"ಜಗಳೂರು ಹತ್ರ. ಸೊಕ್ಕೆ."

"ಓ, ಜಗಳೂರಾ! ಅಲ್ಲಿ ಕುರಿ ಬಿಟ್ರೆ ಇನ್ನೇನೈತ್ರಿ?"

ನಗುತ್ತಲೇ ಹೇಳಿದ. ಇವನ ಬಾಯಲ್ಲಿ ಮೂರು ಮಾತಿಗೊಮ್ಮೆ 'ನಮ್ಮ ತೋಟ' ಬರುತ್ತದೆ. ಅಡಿಕೆ ಬೆಳೆದವರೇ ಮನುಷ್ಯರು, ಉಳಿದವರು ಬಸ್‌ಸ್ಟ್ಯಾಂಡಿನಲ್ಲಿ ನಿಂತವರು. ಇಲ್ಲಿಗೆ ಬರುವ ಮುಂಚೆ ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದನಂತೆ. ನ್ಯಾಮತಿ ಕಡೆಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದ ಹುಡುಗರ ಮಾತು ತೆಗೆದಾಗಲೂ ಅದೇ ನಗು. ಏಳು ಸಮುದ್ರ ದಾಟಿ ಬಂದರೂ ತಾಲ್ಲೂಕಿನ ಜಂಬ ಇಳಿಯದ ಆಸಾಮಿ.

ಅವನಿಗೆ ನಾನು, "ನಮ್ದೂ ಸ್ವಲ್ಪ ಜಮೀನೈತೆ," ಎಂದಷ್ಟೇ ಹೇಳಿದೆ. ನಮ್ಮ ಮನೆಯಲ್ಲಿ ಕಂಬಳಿ ನೇಯುತ್ತಾರೆ, ನನ್ನನ್ನು ಸಾಕಿದ ದೊಡ್ಡವ್ವ ಗಂಗಮ್ಮ ಇವತ್ತಿಗೂ ಉಣ್ಣೆ ನೂಲುತ್ತಾಳೆ ಎಂದು ಹೇಳಲಿಲ್ಲ.

ಪ್ರಸನ್ನನ ಪರಿಚಯವಾದ ವಾರವೇ ನಮ್ಮ ಗುಂಪಿನ ಪ್ರೊಫೆಸರರು ನನ್ನ ಮುಂದೆ ಒಂದು ಡಬ್ಬಿ ಇಟ್ಟರು. ಪೆಟ್ರೋಲಿನಿಂದ ಮಾಡುವ ಪ್ಲಾಸ್ಟಿಕ್ಕಿನ ಬದಲು ಗಿಡಮರದ ಅಂಟಿನಿಂದ ತಿಂಡಿ ಸುತ್ತುವ ಹಾಳೆ ಮಾಡಬೇಕು, ಅದೇ ನನ್ನ ಕೆಲಸ. ಪಾಲಿಮರ್ ಎಂದರೆ ಚಿಕ್ಕ ಚಿಕ್ಕ ಅಣುಗಳನ್ನು ಮಣಿಸರದಂತೆ ಪೋಣಿಸಿದ ಉದ್ದನೆಯ ಅಣು; ಅಂಟೆಲ್ಲ ಅದೇ ಜಾತಿ. ಡಬ್ಬಿಯ ಮುಚ್ಚಳ ತೆಗೆದರೆ ಕೆನೆಬಣ್ಣದ ಪುಡಿ. ಮೂಸಿದೆ. ಹುಣಸೆ ಬೀಜ.

"ನಿಮ್ಮ ದೇಶದ್ದೇ. ನಿಮಗಿದು ಗೊತ್ತೇ?" ಎಂದರು ಪ್ರೊಫೆಸರರು.

ಗೊತ್ತಿಲ್ಲದೆ ಏನು! ಅದರ ಗಂಜಿ ಕಾಸಿ ನೇಯ್ದ ಕಂಬಳಿಗೆ ಬಳಿದರೆ ಕಂಬಳಿ ಬಿರುಸಾಗುತ್ತದೆ, ಮಳೆಯಲ್ಲಿ ಕುರಿ ಕಾಯುವವನ ಹೆಗಲಿಂದ ನೀರು ಜಾರಿಹೋಗುತ್ತದೆ. ಆ ಗಂಜಿ ತಿರುವಿ ತಿರುವಿ ನನ್ನ ಬಲಗೈ ಗಟ್ಟಿಯಾದದ್ದು. ಆದರೆ ಪ್ರಸನ್ನ ಪಕ್ಕದಲ್ಲೇ ನಿಂತಿದ್ದ.

"ಇಲ್ಲ ಸರ್," ಎಂದೆ.

ಈ ಪಂಡಿತರ ಗಂಜಿ ಕಾಸುವ ವಿಧಾನ ಕೇಳಿ. ಕುದಿಯುವ ನೀರಿಗೆ ಪುಡಿ ಸುರಿಯುವುದು, ತಾನೇ ತಿರುಗುವ ಕಡ್ಡಿಯೊಂದನ್ನು ಒಳಗೆ ಬಿಟ್ಟು ಕಾಫಿಗೆ ಹೋಗುವುದು. ಬರುವಷ್ಟರಲ್ಲಿ ಪುಡಿ ಗಂಟುಗಟ್ಟಿ ಕಡ್ಡಿ ಸಿಕ್ಕಿಕೊಂಡಿರುತ್ತದೆ. ಆಗ ಗಂಟನ್ನೆಲ್ಲ ಸೋಸಿ, ತೂಕ ಮಾಡಿ, ಬರೆದುಕೊಂಡು, ಹಳದಿ ಡ್ರಮ್ಮಿಗೆ ಎಸೆಯುತ್ತಾರೆ. ಅಂಟು ಇದ್ದದ್ದು ಆ ಗಂಟಿನಲ್ಲೇ! ಉಳಿದ ತೆಳು ನೀರನ್ನು ಗಾಜಿನ ಮೇಲೆ ಹರಡಿ ಒಣಗಿಸಿ, ಹಾಳೆ ಹಪ್ಪಳದಂತೆ ಯಾಕೆ ಮುರಿಯುತ್ತದೆ ಎಂದು ವಾರಗಟ್ಟಲೆ ಸಭೆ ಮಾಡುತ್ತಾರೆ. ಹನ್ನೊಂದು ಜನ, ಒಬ್ಬರೂ ಒಂದು ದಿನ ಒಲೆ ಮುಂದೆ ಕೂತವರಲ್ಲ. ಅವರು ಹೇಳಿದಂತೆಯೇ ನಾನೂ ಮಾಡಿದೆ, ಬಾಯಿ ಮುಚ್ಚಿಕೊಂಡು, ನಾಲ್ಕು ಸಲ. ನಾಲ್ಕು ಸಲವೂ ಹಾಳೆ ಮುರಿಯಿತು.

ಆಮೇಲೆ ಪ್ರೊಫೆಸರರು ಕರೆದು, ಬಹಳ ಮೃದುವಾಗಿ, ಮುಂದಿನ ವಾರದ ಸಭೆಗೆ ಮುರಿಯದ ಹಾಳೆ ತೋರಿಸಿದರೆ ನನ್ನ ಕರಾರು ಇನ್ನೆರಡು ವರ್ಷ ಮುಂದುವರಿಯುತ್ತದೆ, ಇಲ್ಲವಾದರೆ ಈ ಕೆಲಸ ನಿಲ್ಲಿಸುತ್ತೇವೆ ಎಂದರು. ನಿಲ್ಲಿಸಿದರೆ ನಾನು ಊರಿಗೆ. ದೊಡ್ಡವ್ವನಿಗೆ ಫೋನು ಮಾಡಿದೆ.

"ಗಂಜಿ ಕಾಸಾಕೆ ಅಷ್ಟ್ ದೂರ ಹೋದ್ಯೇನೆ ರೇಣುಕಾ!" ಎಂದು ಅವಳು ನಕ್ಕ ನಗೆಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ವಿಷಯ ಹೇಳಿದ ಮೇಲೆ ರೇಗಿದಳು. "ಕುದಿಯೋ ನೀರಿಗೆ ಹಾಕ್ತಾರಾ? ಯಾರೇ ಅವ್ರು, ತಲೇಲಿ ಏನೈತೆ ಅವರಿಗೆ? ಮೊದ್ಲು ತಣ್ಣೀರಾಗೆ ಕಲಸು. ಆಮೇಲೆ ಸಣ್ಣ ಉರಿ. ಕೈ ಬಿಡಬ್ಯಾಡ. ಕಾಸಿದ್ಮೇಲೆ ಒಂದಿನ ಮುಟ್ಟಾಕೆ ಹೋಗಬ್ಯಾಡ, ಗುಳ್ಳೆ ಎಲ್ಲ ಹೋಗ್ಲಿ. ನಿಂಗೆ ಗೊತ್ತಿಲ್ದಿದ್ದಾ ಇದು?"

"ಗೊತ್ತಿತ್ತು ದೊಡ್ಡವ್ವ."

"ಮತ್ಯಾಕೆ ಕೇಳ್ತೀ? ಸರಿಹೋದ್ರೆ ನಮ್ ದೊಡ್ಡವ್ವ ಹೇಳ್ಕೊಟ್ಟಿದ್ದು ಅಂತ ಹೇಳೇ ಅವರಿಗೆ. ನಂಗೂ ಒಂಚೂರು ಹೆಸ್ರು ಬರ್ಲಿ."

"ಹೇಳ್ತೀನಿ," ಎಂದೆ. ಹೇಳುವ ಮನಸ್ಸೂ ಇತ್ತು.

ಮಾರನೆಯ ದಿನ ಅವಳು ಹೇಳಿದಂತೆಯೇ ಗಂಜಿ ಕಾಸಿದೆ, ಮರದ ಸೌಟಿನಲ್ಲಿ, ಕೈ ಬಿಡದೆ. ಸಂಜೆಗೆ ಗಂಜಿ ಹೊಳೆಯಿತು, ಒಂದು ಗಂಟಿಲ್ಲ. ಪಾತ್ರೆ ಮುಚ್ಚಿಟ್ಟು ಚೀಟಿ ತೆಗೆದುಕೊಂಡೆ. ಒಳಗಿರುವುದು: ಹುಣಸೆ ಬೀಜದ ಗಂಜಿ. ದಿನ ಬರೆದೆ. ಹೆಸರಿನ ಮುಂದೆ ಬರೆದೆ: ಗಂಗಮ್ಮ, ಸೊಕ್ಕೆ. ಅವರಿಗೆ ಓದಲು ಬರಲಿ ಎಂದು ಇಂಗ್ಲಿಷ್ ಅಕ್ಷರದಲ್ಲೂ ಬರೆದೆ. ಈ ದೇಶಕ್ಕೆ ಬಂದ ಮೇಲೆ ಅವತ್ತೊಂದು ದಿನ ತಲೆ ಎತ್ತಿ ಮನೆಗೆ ಹೋದೆ.

ಬೆಳಿಗ್ಗೆ ಬಂದರೆ ಫ್ರೌ ಕೆಲ್ಲರ್ ಕೈಗವಸು ತೊಟ್ಟು ಪಾತ್ರೆಯ ಮುಂದೆ ನಿಂತಿದ್ದರು.

"ಗಂಗಮ್ಮ ಯಾರು? ಗುಂಪಿನ ಪಟ್ಟಿಯಲ್ಲಿ ಇಲ್ಲ."

"ಅವರು ಇಂಡಿಯಾದಲ್ಲಿದ್ದಾರೆ. ಇದನ್ನು ಮಾಡುವುದು ಅವರಿಗೆ ಗೊತ್ತು."

"ಅವರಿಗೆ ಸುರಕ್ಷತೆಯ ತರಬೇತಿ ಆಗಿದೆಯೇ?"

ನಗು ಬಂತು. ಅವರು ನಗಲಿಲ್ಲ. "ಹಾಗಾದರೆ ಈ ಪಾತ್ರೆಗೆ ಜವಾಬ್ದಾರರು ಯಾರೂ ಇಲ್ಲ," ಎಂದು ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಳದಿ ಡ್ರಮ್ಮಿನ ಕಡೆ ನಡೆದರು. ಸಭೆಗೆ ಮೂರೇ ದಿನವಿತ್ತು, ಡಬ್ಬಿಯಲ್ಲಿ ಪುಡಿ ಮುಗಿದಿತ್ತು.

"ನಿಲ್ಲಿ, ಅದು ನನ್ನದು!" ಎಂದು ಕೂಗಿದೆ.

ಅವರು ಪಾತ್ರೆ ಇಳಿಸಿ ಪೆನ್ನು ಕೊಟ್ಟರು. ದೊಡ್ಡವ್ವನ ಚೀಟಿಯನ್ನು ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡು, ಹೊಸ ಚೀಟಿಯಲ್ಲಿ ನನ್ನ ಹೆಸರು ಬರೆದು ಅಂಟಿಸಿದೆ. ಪ್ರಸನ್ನ ಕಾಫಿ ಲೋಟ ಹಿಡಿದು ಎಲ್ಲ ನೋಡುತ್ತಿದ್ದ.

"ಗಂಗಮ್ಮ ಅಂದ್ರೆ ಯಾರ್ರೀ?"

"ಯಾರೋ ಒಬ್ರು. ನಮ್ಮೂರಾಗೆ ಕಂಬಳಿ ನೇಯೋರು," ಎಂದೆ.

"ಹೌದಾ! ನಮ್ಮನೇಗೂ ಬರ್ತಿದ್ರು ಕಂಬಳಿ ಮಾರಾಕೆ. ನಮ್ಮಜ್ಜಿ ಒಳಗೆ ಬಿಡ್ತಿರ್ಲಿಲ್ಲ, ಹೊರಗಡೆನೇ ಕೂರಿಸಿ ನೀರು ಕೊಡ್ತಿದ್ಲು," ಎಂದು ನಕ್ಕ.

ನಾನೂ ನಕ್ಕೆ. ಇಷ್ಟು ದಿನ ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೀನಾಯ ಮಾಡಿಕೊಂಡು ಬಂದವಳು ನಾನು. ಅವತ್ತು ಆ ಕೋಣೆಯಲ್ಲಿ ನನ್ನಷ್ಟು ಕೀಳಾದವರು ಯಾರೂ ಇರಲಿಲ್ಲ.

ಹಾಳೆ ಮುರಿಯಲಿಲ್ಲ. ಬಗ್ಗಿಸಿದರೆ ಬಗ್ಗಿತು, ಮಡಚಿದರೆ ಮಡಚಿಕೊಂಡಿತು, ಆ ಕಡೆಯಿಂದ ಪ್ರೊಫೆಸರರ ಮುಖ ಕಾಣುವಷ್ಟು ತಿಳಿಯಾಗಿತ್ತು. ಈ ವಿಧಾನ ಎಲ್ಲಿ ಸಿಕ್ಕಿತು ಎಂದು ಸಭೆಯಲ್ಲಿ ಕೇಳಿದರು. ಪ್ರಯತ್ನ ಮಾಡಿ ಕಂಡುಕೊಂಡೆ ಎಂದೆ. ಎಲ್ಲರೂ ಮೇಜು ಕುಟ್ಟಿದರು. ಇಲ್ಲಿ ಚಪ್ಪಾಳೆ ಹೊಡೆಯುವುದು ಹಾಗೆ. ಎರಡು ವರ್ಷ ಸಿಕ್ಕಿತು. ಫ್ರೌ ಕೆಲ್ಲರ್ ತಾವೇ ಕೇಕು ಮಾಡಿ ತಂದರು, ಅದು ಚೆನ್ನಾಗಿಯೂ ಇತ್ತು.

ಅವತ್ತು ದೊಡ್ಡವ್ವನೇ ಫೋನು ಮಾಡಿದಳು. "ಹೇಳ್ದೇನೇ ನನ್ ಹೆಸ್ರು?"

"ಹೇಳ್ದೆ ದೊಡ್ಡವ್ವ. ಚೀಟಿ ಬರ್ದು ಪಾತ್ರೆಗೇ ಅಂಟಿಸಿದೀನಿ."

"ಹಂಗಾದ್ರೆ ಅದ್ರ ಫೋಟೋ ಕಳ್ಸೇ. ಇಲ್ಲಿ ನಮ್ಮೋರಿಗೆಲ್ಲ ತೋರಿಸ್ತೀನಿ."

ಗಂಜಿಯೆಲ್ಲ ಹಾಳೆಯಾಗಿ ಮುಗಿದಿತ್ತು. ಕೋಟಿನ ಜೇಬಿನಿಂದ ಚೀಟಿ ತೆಗೆದು, ಸುಕ್ಕು ತೀಡಿ, ಒಂದು ಬೀಕರಿಗೆ ಅಂಟಿಸಿದೆ. ಖಾಲಿ ಬೀಕರು ಚೆನ್ನಾಗಿ ಕಾಣಲಿಲ್ಲ, ಅದಕ್ಕೆ ನಲ್ಲಿ ನೀರು ತುಂಬಿದೆ. ಅಷ್ಟರಲ್ಲಿ ಫ್ರೌ ಕೆಲ್ಲರ್ ಆ ದಾರಿಯಲ್ಲೇ ಬಂದರು, ಬೀಕರಿಗೆ ಚೀಟಿ ಇರುವುದನ್ನು ದೂರದಿಂದಲೇ ಕಂಡು ತಲೆಯಾಡಿಸಿ ಮುಂದೆ ಹೋದರು. ಫೋಟೋ ತೆಗೆದು ಸೊಕ್ಕೆಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಅವಳ ದನಿ ಬಂತು. ಹಿಂದೆ ಕುರಿಗಳು ಒದರುತ್ತಿದ್ದವು, ಯಾರೋ ಮಕ್ಕಳು ನಗುತ್ತಿದ್ದರು.

"ಹೆಸ್ರೇನೋ ಚೆಂದಾಗಿ ಬರ್ದೀಯ ಕಣೇ. ಆದ್ರೆ ಗಂಜಿ ಬರೀ ನೀರಿದ್ದಂಗೆ ಐತಲ್ಲೇ ರೇಣುಕಾ."