ಅಂಬಲಿಯ ಹುಳಿ ಕೆಡಿಸಿದವಳು

ಅಕ್ಕ, ಅಂಬಲಿಯ ಹುಳಿಯನ್ನು ಕೆಡಿಸಿದ್ದು ನಾನು, ನೀನಲ್ಲ. ಇಷ್ಟು ವರ್ಷ ಈ ಮಾತು ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಗಿದೆ — ಇವತ್ತು ಮನಸ್ಸಿನಲ್ಲಾದರೂ ನಿನಗೆ ಹೇಳಿಬಿಡುತ್ತೇನೆ.

ಯುದ್ಧದ ಕಾಲ, ಅಕ್ಕಿಯ ಮುಖ ಕಾಣುವುದೇ ಅಪರೂಪ. ಅರಿಶಿನಕುಂಟೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರ ಹೊಟ್ಟೆಗೂ ರಾಗಿ ಅಂಬಲಿಯೇ. ಅದಕ್ಕೆ ಹುಳಿಹಿಟ್ಟು ಬೇಕು. ಮಡಕೆಯನ್ನು ಪೂರ್ತಿ ಬರಿದು ಮಾಡದೆ ತಳದಲ್ಲಿ ಒಂದು ಹಿಡಿ ಉಳಿಸಿ, ಸಂಜೆ ಹೊಸ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಸೇರಿಸಿದರೆ ಬೆಳಗಾಗುವುದರೊಳಗೆ ಉಬ್ಬಿ ಹುಳಿಯಾಗುತ್ತಿತ್ತು. ಆ ಹುಳಿ ನಿನ್ನದು. ನೀನು ಹಿರಿಯ ಸೊಸೆಯಾಗಿ ಬಂದಾಗ ಮಾಕಳಿದುರ್ಗದ ಕಡೆಯ ತವರಿನಿಂದ ಕುಡಿಕೆಯಲ್ಲಿ ತಂದದ್ದು. ಅತ್ತೆಯ ಬಾಯಲ್ಲಿ ಹೊಗಳಿಕೆ ಬರುವುದೆಂದರೆ ಸುಮ್ಮನೆಯೆ! ನಿನಗೆ ಮಾತ್ರ ಬರುತ್ತಿತ್ತು. ಕಿರಿಯ ಸೊಸೆಯಾದ ನನಗೆ ಹೊಟ್ಟೆ ಉರಿಯುತ್ತಿತ್ತು — ಅದೂ ನಿಜವೇ.

ನೀನು ಮುಟ್ಟಾಗಿ ಜಗಲಿಯಲ್ಲಿ ಕೂತಾಗ ಮಡಕೆ ನನ್ನ ಕೈಗೆ ಬಂತು. ಬಾವಿಕಟ್ಟೆಯಲ್ಲಿ ಹರಟುತ್ತ ನಿಂತವಳು ಸಂಜೆ ಹಿಟ್ಟು ಸೇರಿಸುವುದನ್ನೇ ಮರೆತೆ. ನೆನಪಾದದ್ದು ಬೆಳಿಗ್ಗೆಯೇ. ಬಿಸಿ ತಾಗಿದರೆ ಬೇಗ ಹುಳಿ ಬಂದೀತೆಂದು, ಹಿಟ್ಟು ಹಾಕಿ ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನೇ ಸುರಿದುಬಿಟ್ಟೆ. ಬುದ್ಧಿ ಎಲ್ಲಿತ್ತೋ! ಅವತ್ತಿಗೆ ಹೇಗೋ ಹುಳಿಮಜ್ಜಿಗೆ ಬೆರೆಸಿ ಸುಧಾರಿಸಿದೆ. ಮಾರನೆಯ ದಿನ ಮಡಕೆಯಲ್ಲಿದ್ದದ್ದು ಲೋಳೆಯಾಗಿ ನಾರತೊಡಗಿತ್ತು.

ಅತ್ತೆ ಒಳಗೆ ಇಣುಕಿದರು, ಜಗಲಿಯ ಕಡೆ ನೋಡಿದರು.

"ಹೊರಗಿರೋಳು ಇದನ್ನ ಮುಟ್ಬಿಟ್ಲೇನೇ?"

ನಾನು ಇಲ್ಲವೆನ್ನಲಿಲ್ಲ. ತಲೆ ಬಗ್ಗಿಸಿ ನಿಂತೆ. ಅವರಿಗೆ ಅಷ್ಟೇ ಸಾಕಾಯಿತು.

ಅವರು ನಿನ್ನನ್ನು ಬೈದದ್ದು ಇಡೀ ಬೀದಿಗೆ ಕೇಳಿಸಿತು. ಪಕ್ಕದ ಮನೆಯಿಂದ ಹುಳಿ ತಂದು ನನಗೆ ಒಪ್ಪಿಸಿದರು. ನೀನು ಇನ್ನು ಆ ಮಡಕೆಯ ಹತ್ತಿರ ಸುಳಿಯಕೂಡದೆಂದರು. ಮುಟ್ಟಿಲ್ಲವೆಂದು ನೀನು ಅತ್ತು ಆಣೆಯಿಟ್ಟರೂ ಯಾರೂ ನಂಬಲಿಲ್ಲ. ಕೆಲವು ದಿನ ಕಳೆದ ಮೇಲೆ, ಹೊಲದಲ್ಲಿ ನಾವಿಬ್ಬರೇ ಕಳೆ ಕೀಳುತ್ತಿದ್ದಾಗ, ನೀನು ಮೆಲ್ಲಗೆ ಹೇಳಿದೆ —

"ನಿದ್ದೆಗಣ್ಣಲ್ಲಿ ನಾನೇ ಮುಟ್ಬಿಟ್ನೇನೋ ಕಣೇ. ನಂಗೇ ಗೊತ್ತಾಗ್ತಿಲ್ಲ."

ಆಗಲಾದರೂ ನಾನು...

"ಇರ್ಬೌದಕ್ಕ" ಎಂದೆ.

ಮೊದಲ ಸಲ ಅತ್ತೆಗೆ ಹೆದರಿದ್ದೆ. ಆ ಹೊಲದಲ್ಲಿ ಹೆದರುವುದಕ್ಕೆ ಯಾರೂ ಇರಲಿಲ್ಲ.

ಅತ್ತೆ ಹೋದರು, ಮನೆ ಪಾಲಾಯಿತು, ನಿನ್ನ ಮನೆಗೆ ಈಗ ನೀನೇ ಯಜಮಾನಿ. ಮೊನ್ನೆ ಬಂದಿದ್ದಾಗ ನೋಡಿದೆ — ಹಾಲಿಗೆ ಹೆಪ್ಪು ಹಾಕುವುದಕ್ಕೂ ನೀನು ಸೊಸೆಯನ್ನು ಕರೆದೆ. "ನೀನೇ ಹಾಕಮ್ಮ, ನನ್ ಕೈ ಸರಿಯಿಲ್ಲ" ಎಂದೆ. ಅವಳು ನಕ್ಕಳು. ನಾನು ಊಟಕ್ಕೂ ನಿಲ್ಲದೆ ಹೊರಟುಬಂದೆ.

ನಾಳೆ ಬರುತ್ತೇನೆ. ನಿನ್ನ ಸೊಸೆಯ ಎದುರಿಗೇ ಎಲ್ಲ ಹೇಳುತ್ತೇನೆ. ಆಮೇಲೆ ಬೈದರೂ ಬೈಯಿ, ಬಾಗಿಲಿಂದಾಚೆ ತಳ್ಳಿದರೂ ತಳ್ಳು — ನಿನ್ನ ಕೈ ಯಾವತ್ತೂ ಸರಿಯಾಗಿಯೇ ಇತ್ತು, ಅಕ್ಕ.