ಕೋಣೆಯ ಚಳಿ ಅಳೆಯುವ ಚಂದ್ರಹಾಸ

ಜನವರಿಯ ಎರಡನೇ ವಾರ. ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಹೌರಾದ ಹಳೆಯ ಮನೆಯೊಂದರ ತಾರಸಿಯಲ್ಲಿ ಐವತ್ತಾರರ ಚಂದ್ರಹಾಸ ಎಡಗಾಲನ್ನು ಉದ್ದಕ್ಕೆ ಚಾಚಿ ನೆಲದ ಮೇಲೆ ಕೂತಿದ್ದಾರೆ. ಮಫ್ಲರನ್ನು ಸರಿಸಿ, ಎಸಿಯ ಹೊರಪೆಟ್ಟಿಗೆಗೆ ಕಿವಿ ಹಚ್ಚಿದ್ದಾರೆ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಎದುರು ಮನೆಯ ನೀರಿನ ಟ್ಯಾಂಕೇ ಕಾಣುತ್ತಿಲ್ಲ. ಕೈಯಲ್ಲಿರುವ ಥರ್ಮಾಮೀಟರ್ ಹನ್ನೊಂದು ಡಿಗ್ರಿ ತೋರಿಸುತ್ತಿದೆ. ಪೆಟ್ಟಿಗೆಯಲ್ಲಿ ಸದ್ದಿಲ್ಲ.

ಒಂದು ಗಂಟೆ ಹಿಂದೆ ಈ ಮನೆಯ ಬಾಡಿಗೆದಾರರಾದ ಮಾನಸ ಫೋನ್ ಮಾಡಿದ್ದರು. "ಅಂಕಲ್, ಮಿಷನ್ ನಿಂತ್‌ಹೋಗಿದೆ. ಗಾಳೀನೇ ಬರ್ತಿಲ್ಲ. ಪಾಪು ನಿನ್ನೆ ತಾನೇ ಮನೆಗೆ ಬಂದಿದೆ." ಕೋಣೆ ಎಷ್ಟು ಡಿಗ್ರಿ ಇದೆ ಎಂದು ಚಂದ್ರಹಾಸ ಕೇಳಿದರು. ಇಪ್ಪತ್ತಾರು ಎಂಬ ಉತ್ತರ ಬಂತು. ಹಾಗಾದರೆ ಹೆದರುವಂಥದ್ದೇನೂ ಇರಲಿಕ್ಕಿಲ್ಲ ಎಂದು ಅವರ ಮೂವತ್ತೈದು ವರ್ಷಗಳ ಅನುಭವ ಹೇಳಿತು. ಆದರೂ ಕೋಲ್ಕತ್ತದ ಲೇಕ್ ಮಾರ್ಕೆಟ್ ಹತ್ತಿರದ ತಮ್ಮ ಮನೆಯಿಂದ ಹೊರಟು, ಮೊದಲ ಬಸ್ಸು ಹಿಡಿದು ಸೇತುವೆ ದಾಟಿ ಬಂದರು. "ಇರಲಿಕ್ಕಿಲ್ಲ ಅಂತ ದೊಡ್ಡವರ ಕೋಣೆಗೆ ಹೇಳಬಹುದು. ಒಂದೂಮುಕ್ಕಾಲು ಕಿಲೋದ ಮಗುವಿಗೆ ಹಾಗೆ ಹೇಳ್ಲಿಕ್ಕೆ ಆಗುದಿಲ್ಲ," ಎನ್ನುತ್ತಾರೆ.

ಉಡುಪಿ ಹತ್ತಿರದ ಕಟಪಾಡಿಯವರು ಚಂದ್ರಹಾಸ. ಹದಿನೇಳನೇ ವಯಸ್ಸಿನಲ್ಲಿ ಮಾವನ ಹೋಟೆಲಿನಲ್ಲಿ ಲೋಟ ತೊಳೆಯಲು ಕೋಲ್ಕತ್ತಕ್ಕೆ ಬಂದವರು. ಒಂದು ಬೇಸಿಗೆಯಲ್ಲಿ ಹೋಟೆಲಿನ ಫ್ರಿಜ್ ಕೆಟ್ಟು ಹಿಟ್ಟೆಲ್ಲ ಹುಳಿಯಾಯಿತು. ಅದನ್ನು ದುರಸ್ತಿ ಮಾಡಲು ಬಂದ ಬಂಗಾಳಿ ಮೆಕ್ಯಾನಿಕ್‌ನ ಪಕ್ಕದಲ್ಲಿ ಮೂರು ದಿನ ಟಾರ್ಚ್ ಹಿಡಿದು ನಿಂತರು. ನಾಲ್ಕನೇ ದಿನ ಮಾವನಿಗೆ ಹೇಳಿ ಅವನ ಹಿಂದೆಯೇ ಹೋದರು. ಇವತ್ತು ಬೀದಿಯಲ್ಲಿ ಎಲ್ಲರಿಗೂ ಅವರು ಎಸಿ-ದಾ, ಅಂದರೆ ಎಸಿ ಅಣ್ಣ. ಪೂರ್ತಿ ಹೆಸರು ಗೊತ್ತಿರುವವರು ಕಡಿಮೆ.

ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ಮನೆ, ಚಳಿಗಾಲದಲ್ಲಿ ಎರಡೋ ಮೂರೋ. ಚೀಲದ ತೂಕ ಹದಿನಾಲ್ಕು ಕಿಲೋ. ಹಳೆಯ ಮನೆಗಳಿಗೆ ಲಿಫ್ಟ್ ಇರುವುದಿಲ್ಲ, ಹಾಗಾಗಿ ದಿನಕ್ಕೆ ಐನೂರು ಮೆಟ್ಟಿಲು ಹತ್ತುವುದು ಮಾಮೂಲು. ಹದಿಮೂರು ವರ್ಷದ ಹಿಂದೆ ಅಲಿಪುರದ ಒಂದು ಕಟ್ಟಡದಲ್ಲಿ ಗೋಡೆಯ ಕಬ್ಬಿಣದ ಸ್ಟ್ಯಾಂಡು ಕಿತ್ತುಬಂದು, ಪೆಟ್ಟಿಗೆಯ ಜೊತೆ ತಾವೂ ಒಂದು ಮಹಡಿ ಕೆಳಕ್ಕೆ ಬಿದ್ದರು. ಎಡ ಮೊಣಕಾಲಿನಲ್ಲಿ ಅಂದು ಹಾಕಿದ ಉಕ್ಕಿನ ಸರಳು ಇನ್ನೂ ಇದೆ. ಏಳು ತಿಂಗಳು ಹಾಸಿಗೆ ಹಿಡಿದಿದ್ದಾಗ ಹೆಂಡತಿ ರತ್ನಾವತಿ ನೀರುದೋಸೆ, ಪತ್ರೊಡೆ ಮಾಡಿ ಮಾರಿ ಮನೆ ನಡೆಸಿದರು. "ಅವಳು ಒಂದು ದಿನ ಕೂಡ ಊರಿಗೆ ಹೋಗುವ ಅಂತ ಹೇಳ್ಲಿಲ್ಲ. ಹೇಳಿದ್ರೆ ನಾನು ಹೋಗ್ತಿದ್ದೆ."

ಮಾನಸ ಮತ್ತು ಅಭಯ ಬೆಂಗಳೂರಿನವರು, ಇಬ್ಬರೂ ಇಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ಡಿಸೆಂಬರಿನಲ್ಲಿ ಅವರ ಮಗಳು ಏಳು ವಾರ ಮೊದಲೇ ಹುಟ್ಟಿದಳು. ಆಸ್ಪತ್ರೆಯಿಂದ ಬಿಡುವ ಮುನ್ನ ವೈದ್ಯರು ಒಂದು ಮಾತು ಒತ್ತಿ ಹೇಳಿದರು: ಮಗುವಿನ ಕೋಣೆ ಹಗಲೂ ರಾತ್ರಿ ಇಪ್ಪತ್ತಾರು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಮನೆಯಾದರೋ ಹದಿಮೂರು ಅಡಿ ಎತ್ತರದ ಸೂರಿನದು, ಕಿಟಕಿಗಳಿಗೆ ಮರದ ಪಟ್ಟಿಗಳ ಜಾಲರಿ ಬಾಗಿಲು. ಬೆಳಗಿನ ಹೊತ್ತು ಒಳಗೆ ಹದಿನೈದು ಡಿಗ್ರಿ. ಎರಡು ರೂಮ್ ಹೀಟರ್ ಒಟ್ಟಿಗೆ ಹಾಕಿದರೆ ಮೇನ್ ಸ್ವಿಚ್ ಬೀಳುತ್ತಿತ್ತು. ಹಳೆಯ ವೈರಿಂಗು ಒಂದು ಹೀಟರಿಗಿಂತ ಹೆಚ್ಚು ತಡೆಯುತ್ತಿರಲಿಲ್ಲ.

ಅಭಯ ಊಟಕ್ಕೆ ಹೋಗುವ ಉಡುಪಿ ಹೋಟೆಲಿನವರು ಚಂದ್ರಹಾಸರ ನಂಬರ್ ಕೊಟ್ಟರು. ಮಗು ಬರಲು ಇನ್ನೂ ಆರು ದಿನವಿದ್ದಾಗ ಅವರು ಮೊದಲ ಸಲ ಆ ಮನೆಗೆ ಹೋದರು. ಕೋಣೆಯ ಬಾಗಿಲು ತೆರೆದವರು ಚೀಲವನ್ನೂ ಇಳಿಸಲಿಲ್ಲ. ನೇರ ಹೋಗಿ ಕಿಟಕಿಗಳನ್ನೆಲ್ಲ ತೆರೆದರು. ಮೂಲೆಯಲ್ಲಿದ್ದ ಇದ್ದಿಲಿನ ಒಲೆಯನ್ನು ಹಿಡಿ ಹಿಡಿದು ಎತ್ತಿ ತಾರಸಿಗೆ ಒಯ್ದರು. ಮೇನ್ ಸ್ವಿಚ್ ಬೀಳುವುದನ್ನು ನೋಡಿದ ಮನೆಗೆಲಸದವಳು, ಬಾಣಂತಿ ಕೋಣೆಗೆ ತಮ್ಮ ಕಡೆ ಇದನ್ನೇ ಇಡುತ್ತಾರೆಂದು ಒಳ್ಳೆಯ ಮನಸ್ಸಿನಿಂದಲೇ ತಂದಿಟ್ಟಿದ್ದಳು. ಕೋಣೆ ಎಷ್ಟು ಬೆಚ್ಚಗಾಗುತ್ತದೆಂದು ನೋಡಲು ಮಾನಸ ಬಾಗಿಲು ಮುಚ್ಚಿ ಒಳಗೆ ಕೂತಿದ್ದರು.

"ತಲೆ ನೋವು ಉಂಟಾ ಮೇಡಂ?" ಎಂದು ಕೇಳಿದರು.

"ಹೂಂ, ಬೆಳಗಿಂದ. ನಿದ್ದೆ ಇಲ್ವಲ್ಲ, ಅದಕ್ಕೆ ಅನ್ಕೊಂಡೆ."

"ನಿದ್ದೆಯದ್ದಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಗಾಳಿ ವಿಷ. ವಾಸನೆ ಬರುದಿಲ್ಲ, ಗೊತ್ತೇ ಆಗುದಿಲ್ಲ. ಹೊರಗೆ ಬಂದು ಕೂತ್ಕೊಳ್ಳಿ. ಡಾಕ್ಟರಿಗೂ ಹೇಳಿ." ಮಾನಸ ಗೋಡೆ ಹಿಡಿದುಕೊಂಡೇ ಹೊರಗೆ ಬಂದರು. ಅದನ್ನು ನೆನೆದರೆ ಈಗಲೂ ಚಂದ್ರಹಾಸರ ಮುಖ ಗಂಭೀರವಾಗುತ್ತದೆ. ಒಂದು ವಾರ ತಡವಾಗಿದ್ದರೆ ಅದೇ ಕೋಣೆಯಲ್ಲಿ ತೊಟ್ಟಿಲೂ ಇರುತ್ತಿತ್ತು.

ಅಭಯ ಅಷ್ಟರಲ್ಲಿ ಒಂದೂವರೆ ಟನ್ನಿನ ಎಸಿಗೆ ಆರ್ಡರ್ ಕೊಟ್ಟಾಗಿತ್ತು. ಬಿಸಿಯನ್ನೂ ಮಾಡುತ್ತದೆ, ರಿಮೋಟಿನಲ್ಲಿ ಸೂರ್ಯನ ಗುರುತು ಇದೆ ಎಂದು ಅಂಗಡಿಯವನು ತೋರಿಸಿದ್ದನಂತೆ. ಚಂದ್ರಹಾಸ ಫೋನಿನಲ್ಲಿ ಮಾಡೆಲ್ ನಂಬರ್ ಓದಿ ಅಲ್ಲವೆಂದು ತಲೆಯಾಡಿಸಿದರು. "ರಿಮೋಟ್ ಎಲ್ಲದಕ್ಕೂ ಒಂದೇ ಕೊಡ್ತಾರೆ. ಸೂರ್ಯ ಇದ್ರೆ ಸಾಲದು. ಪೆಟ್ಟಿಗೆಯ ಚೀಟಿಯಲ್ಲಿ ಬಿಸಿ ಎಷ್ಟು ಕೊಡ್ತದೆ ಅಂತ ಬೇರೆ ಸಾಲು ಇರಬೇಕು. ಇದರಲ್ಲಿ ಇಲ್ಲ. ಇದು ಬರೀ ತಂಪಿಗೆ."

ಆ ಆರ್ಡರ್ ರದ್ದಾಯಿತು. ಬೇಕಾಗಿದ್ದದ್ದು ಹೀಟ್ ಪಂಪ್. ಬೇಸಿಗೆಯಲ್ಲಿ ಒಳಗಿನ ಬಿಸಿಯನ್ನು ಹೊರಗೆ ಹಾಕುವ ಯಂತ್ರವೇ, ಚಳಿಗಾಲದಲ್ಲಿ ತಿರುಗುಮುರುಗಾಗಿ ಹೊರಗಿನ ಗಾಳಿಯ ಬಿಸಿಯನ್ನು ಒಳಗೆ ತರುತ್ತದೆ. ಇಷ್ಟು ಚಳಿಯ ಗಾಳಿಯಲ್ಲಿ ಬಿಸಿ ಎಲ್ಲಿಂದ ಬರಬೇಕು ಎಂಬ ಅಭಯರ ಪ್ರಶ್ನೆಗೆ ಅವರು ಹೇಳಿದ್ದು ಇಷ್ಟೆ: "ಬಾವಿಯ ನೀರು ಆಳಕ್ಕೆ ಹೋದ್ರೂ ನೀರು ಉಂಟಲ್ಲ. ಸೇದಿ ತರ್ಲಿಕ್ಕೆ ಮಾತ್ರ ಕರೆಂಟು. ಹೀಟರ್ ಆದ್ರೆ ಬಿಸಿಯನ್ನು ಹೊಸದಾಗಿ ಮಾಡಬೇಕು, ಅದಕ್ಕೆ ಅಷ್ಟು ಕರೆಂಟು ತಿನ್ನುದು. ನಮ್ಮ ಕೋಲ್ಕತ್ತದ ಚಳಿಗೆ ಬಾವಿ ಬತ್ತುದಿಲ್ಲ."

ಹಾಗೆಂದು ಅವರು ಆ ದಿನವೇ ಯಂತ್ರ ಹೇಳಲಿಲ್ಲ. ಇದೇ ಅವರ ರೀತಿ. ಸಾವಿರ ವ್ಯಾಟಿನ ಒಂದೇ ಒಂದು ಹೀಟರನ್ನು ಕೋಣೆಯಲ್ಲಿ ಹಚ್ಚಿಟ್ಟು, ಒಳಗೊಂದು ಹೊರಗೊಂದು ಥರ್ಮಾಮೀಟರ್ ಇಟ್ಟು, ಮೆಟ್ಟಿಲ ಮೇಲೆ ಮಧ್ಯಾಹ್ನವಿಡೀ ಕೂತರು. ಹೊರಗಿಗಿಂತ ಒಳಗೆ ಐದು ಡಿಗ್ರಿ ಏರಿತು, ಅಲ್ಲಿಗೆ ನಿಂತಿತು. ಮರುದಿನ ಜಾಲರಿಗಳ ಸಂದಿಗೆ ಉಣ್ಣೆಯ ಪಟ್ಟಿ ಅಂಟಿಸಿದರು, ದಪ್ಪ ಪರದೆ ಹಾಕಿಸಿದರು, ಮತ್ತೆ ಅಳೆದರು. ಏಳು ಡಿಗ್ರಿ. ಹೊರಗೆ ಹನ್ನೆರಡಿದ್ದರೆ ಹದಿನಾಲ್ಕು ಡಿಗ್ರಿ ಏರಬೇಕು, ಅಂದರೆ ಎರಡು ಹೀಟರಿನಷ್ಟು ಬಿಸಿ. ಒಂದು ಟನ್ನಿನ ಹೀಟ್ ಪಂಪ್ ಅಷ್ಟನ್ನು ಆರಾಮಾಗಿ ಕೊಡುತ್ತದೆ, ಅದೂ ಒಂದು ಹೀಟರಿಗಿಂತ ಕಡಿಮೆ ಕರೆಂಟಿನಲ್ಲಿ. ಹಳೆಯ ವೈರಿಂಗು ಅದನ್ನು ತಡೆಯುತ್ತದೆ. ಎರಡು ಟನ್ ಹಾಕಿಸೋಣ, ಇರಲಿ ಎಂದು ಅಭಯ ಒತ್ತಾಯಿಸಿದರು. "ಬೇಡ. ದೊಡ್ಡದು ಒಮ್ಮೆಲೆ ಬಿಸಿ ಮಾಡಿ ನಿಲ್ತದೆ, ಆಮೇಲೆ ತಣಿತದೆ. ಪಾಪುವಿಗೆ ಬೇಕಾದ್ದು ಒಂದೇ ಹದ."

ಮನೆಯ ಮಾಲೀಕ ಮಿಹಿರ್‌ಬಾಬು ಹೊರಪೆಟ್ಟಿಗೆಯನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಚಳಿಗಾಲದಲ್ಲಿ ಅದರಿಂದ ನೀರು ಸೋರುತ್ತದೆ, ಕೆಳಗೆ ತಮ್ಮ ದೇವರ ಕೋಣೆಯ ಕಿಟಕಿ ಇದೆ ಎಂಬುದು ಅವರ ಅಳುಕು. ಅಳುಕು ಸರಿಯೇ ಎಂದು ಚಂದ್ರಹಾಸ ಒಪ್ಪಿದರು. ಪೆಟ್ಟಿಗೆ ತಾರಸಿಗೆ ಹೋಯಿತು, ನೀರು ಹರಿಯಲು ಒಂದು ಪೈಪ್ ಬಂತು. ಮಗು ಬರುವ ಹಿಂದಿನ ಸಂಜೆ ಯಂತ್ರ ಶುರುವಾಯಿತು.

ಈಗ ಅದೇ ಪೆಟ್ಟಿಗೆಯ ಪಕ್ಕ ಅವರು ಕೂತಿದ್ದಾರೆ. ವೈರು ಬಿಸಿಯಾಗಿಲ್ಲ, ಪೈಪಿನಲ್ಲಿ ಸೋರಿಕೆ ಇಲ್ಲ. ಎದ್ದು ಕುಂಟುತ್ತ ಕೆಳಗಿಳಿದು, ಕೈಕಾಲು ತೊಳೆದು, ತಮ್ಮ ಥರ್ಮಾಮೀಟರನ್ನು ಬಾಗಿಲಿನಿಂದಲೇ ಮಾನಸರ ಕೈಗೆ ಕೊಡುತ್ತಾರೆ. ತೊಟ್ಟಿಲ ಪಕ್ಕ ಇಡಲು ಹೇಳುತ್ತಾರೆ. ಐದು ನಿಮಿಷ ಕಾಯುತ್ತಾರೆ.

"ಎಷ್ಟು ಉಂಟು?"

"ಇಪ್ಪತ್ತೈದೂವರೆ," ಎನ್ನುತ್ತಾರೆ ಮಾನಸ. "ನಮ್ಮದರಲ್ಲೂ ಅಷ್ಟೇ ಇದೆ."

"ಮಿಷನ್ ಹಾಳಾಗ್ಲಿಲ್ಲ ಮೇಡಂ. ಹೇಳಿದಷ್ಟು ಬೆಚ್ಚಗಾಯ್ತು, ಸುಮ್ಮನಾಯ್ತು. ತಣಿದ್ರೆ ಅದೇ ಎದ್ದುಕೊಳ್ತದೆ."

ಹಾಗೆಂದವರು ಹೊರಡುವುದಿಲ್ಲ. ಅಭಯ ತಂದುಕೊಟ್ಟ ಚಹಾ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾರೆ. ಕಪ್ಪು ಖಾಲಿಯಾಗುವ ಹೊತ್ತಿಗೆ ತಾರಸಿಯಲ್ಲಿ ಸಣ್ಣಗೆ ಗುಂಯ್ ಎಂಬ ಸದ್ದು. ಒಳಗಿನ ಪೆಟ್ಟಿಗೆಯ ರೆಕ್ಕೆ ತೆರೆದುಕೊಂಡು ಬೆಚ್ಚನೆ ಗಾಳಿ ಬರುತ್ತದೆ. ಮಾನಸ ಗೋಡೆಗೊರಗಿ ಕೂತುಬಿಡುತ್ತಾರೆ. ಅಳುತ್ತಿದ್ದಾರೋ ನಗುತ್ತಿದ್ದಾರೋ ಅಭಯರಿಗೂ ತಿಳಿಯುವುದಿಲ್ಲ. ಆಮೇಲೆ ಅಲ್ಲೇ, ಕೂತಲ್ಲೇ, ನಿದ್ದೆ ಹೋಗುತ್ತಾರೆ. ಐದು ವಾರಗಳಲ್ಲಿ ಅದು ಅವರ ಮೊದಲ ನೆಮ್ಮದಿಯ ನಿದ್ದೆ ಎಂದು ಅಭಯ ಪಿಸುಗುಡುತ್ತಾರೆ. ಚಂದ್ರಹಾಸ ಸದ್ದಾಗದಂತೆ ಚೀಲ ಎತ್ತಿಕೊಳ್ಳುತ್ತಾರೆ.

ಇದು ಕಳೆದ ಚಳಿಗಾಲದ ಮಾತು. ಆ ಮಗು ಶ್ರಾವ್ಯ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಈ ಚಳಿಗಾಲದಲ್ಲಿ ಅಂಥದ್ದೇ ಹದಿನಾಲ್ಕು ಮನೆಯವರು ಚಂದ್ರಹಾಸರನ್ನು ಕರೆದಿದ್ದಾರೆ: ಬಾಣಂತಿಯರು, ಉಬ್ಬಸದವರು, ನಗರದಂಚಿನ ಜೋಕಾ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಅದರಲ್ಲಿ ಆರು ಮನೆಗೆ ಯಂತ್ರವೇ ಬೇಡ, ಕಿಟಕಿಯ ಸಂದಿ ಮುಚ್ಚಿದರೆ ಸಾಕು ಎಂದು ಹೇಳಿ ಬಂದಿದ್ದಾರೆ. ವ್ಯಾಪಾರ ಕೈಬಿಡುತ್ತದಲ್ಲ ಎಂದರೆ, ಅಳೆದ ಮೇಲೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುತ್ತಾರೆ.

ಮೊಣಕಾಲು ಈಗೀಗ ಮೆಟ್ಟಿಲಿಗೆ ಮುನಿಸಿಕೊಳ್ಳುತ್ತಿದೆ. ಇನ್ನೆಷ್ಟು ವರ್ಷ ಎಂದು ಕೇಳಿದರೆ, ಒಂದು ಆಸೆ ಇದೆ ಎನ್ನುತ್ತಾರೆ. ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸುತ್ತಲೇ ಹೇಳುತ್ತಾರೆ: "ಬಿಡುವ ಮೊದಲು ಒಂದು ಚಳಿಗಾಲ ನನಗೆ ಬರೀ ಫಿಲ್ಟರ್ ತೊಳಿಲಿಕ್ಕೆ ಮಾತ್ರ ಫೋನ್ ಬರಬೇಕು, ಹೆದರಿಕೊಂಡು ಯಾರೂ ಮಾಡಬಾರದು. ಹಾಗಾದ್ರೆ ನಾನು ಹಾಕಿದ್ದೆಲ್ಲ ಸರಿ ಉಂಟು ಅಂತ ಅರ್ಥ."