ಡಿಕ್ಕಿಯ ದೀಪ

ಕೇಳ್ರಪ್ಪಾ ಗೆಳೆಯರೇ, ಮೂರು ದಿನದಿಂದ ನಮ್ಮ ಕಾರಿನ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿ. ಕುಣಿಗಲ್‌ನಲ್ಲಿ ಬಸುರಿ ತಂಗಿ ಅಮ್ಮನ ಕಜ್ಜಾಯಕ್ಕೆ ಕಾಯುತ್ತಿದ್ದಾಳೆ. ಸಕ್ಕರೆ ಕಾಯಿಲೆಯ ಅಪ್ಪನ ಕಣ್ಣಿಗೆ ಬೀಳದಿರಲೆಂದು ಅಮ್ಮ ಅದರ ಡಬ್ಬವನ್ನು ಮೊದಲೇ ಡಿಕ್ಕಿಯಲ್ಲಿ ಇಟ್ಟಿದ್ದಳು.

ಇವತ್ತು ಗುಬ್ಬಿಯ ಮೆಕ್ಯಾನಿಕ್ ಬಂದು, ತನ್ನ ಬ್ಯಾಟರಿ ಜೋಡಿಸಿ, ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡಿದ.

"ಬ್ಯಾಟ್ರಿ ಚೆನ್ನಾಗೈತೆ ಸಾ. ಡಿಕ್ಕಿ ಸರಿಯಾಗಿ ಮುಚ್ಚಿಲ್ಲ, ಒಳಗೆ ರಾತ್ರಿಯೆಲ್ಲಾ ಲೈಟ್ ಉರಿದೈತೆ. ಯಾರ್ ಸಾ ಹಿಂಗೆ ಮೆಲ್ಲಗೆ ಮುಚ್ಚೋರು?"

ಅಮ್ಮ ಡಬ್ಬ ತೆಗೆದು ನೋಡಿದಳು. ಎರಡೇ ಕಜ್ಜಾಯ ಉಳಿದಿದ್ದವು.

"ಏನ್ರೀ ಇದು?"

ಅಪ್ಪ ತಲೆ ಕೆರೆದುಕೊಂಡ. "ಜೋರಾಗಿ ಮುಚ್ಚಿದ್ರೆ ನಿಂಗೆ ಎಚ್ಚರ ಆಗ್ತಿತ್ತು ಕಣೇ."

ಕಾರು ಈಗ ಸಲೀಸಾಗಿ ಓಡುತ್ತಿದೆ. ಆದರೆ ಅಮ್ಮ ಈಗಷ್ಟೇ ಮತ್ತೆ ಅಕ್ಕಿ ನೆನೆಹಾಕಿದ್ದಾಳೆ. ಅದಕ್ಕೇ ಕಾರು ಇನ್ನೂ ಕೆಟ್ಟಿದೆಯೆಂದು ತಂಗಿಗೆ ಹೇಳಿದ್ದೇನೆ. ದಯವಿಟ್ಟು ಯಾರೂ ಅವಳನ್ನು ಇಲ್ಲಿ ಟ್ಯಾಗ್ ಮಾಡಬೇಡಿ.